ಮದುಮಗನ ಕೈ ಒಣಗಿದ ಹೊತ್ತು

ನಾನೇ ಹೊಲಿದ ಸೂಟಿಗೆ ನಾನೇ ಕತ್ತರಿ ಹಾಕಿದೆ. ಅದೂ ಮದುಮಗನ ಮೈಮೇಲೆ ಇರುವಾಗ. ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದು ಇಡೀ ಕಲ್ಯಾಣ ಮಂಟಪ ಎದ್ದು ನಿಂತು ನೋಡುತ್ತಿರುವಾಗ. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು.

ತಲೆ ಕೆಟ್ಟಿತ್ತೇನ್ರೀ ನಿಮಗೆ ಅಂತ ಕೇಳಬಹುದು. ಕೆಟ್ಟದ್ದು ನನ್ನ ತಲೆಯಲ್ಲ, ಮದುಮಗನದು. ಅವನ ಮಿದುಳಿನ ಬುಡದಲ್ಲಿರುವ ಒಂದು ಸಣ್ಣ ಭಾಗ ಇನ್ನು ನನ್ನಿಂದ ಆಗುವುದಿಲ್ಲ ಅಂತ ಕೈ ಚೆಲ್ಲುವ ಹಂತಕ್ಕೆ ಬಂದಿತ್ತು. ಅದು ನನಗೆ ಗೊತ್ತಾಗಲಿಲ್ಲ. ನನ್ನ ಕೈಯಲ್ಲಿದ್ದ ಯಂತ್ರಕ್ಕೂ ಗೊತ್ತಾಗಲಿಲ್ಲ. ಮೊದಲಿಂದ ಹೇಳುತ್ತೇನೆ ಕೇಳಿ.

ಕೊಟ್ಟೂರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ, ಹಿಂದಿನ ಕೋಣೆಯಲ್ಲಿ ಟೇಲರಿಂಗ್. ಅಳೆಯುವುದೇ ನನ್ನ ಕಸುಬು. ಕಸುಬು ಹೋಗಿ ಅದು ಚಟವಾಗಿದೆ. ಕೊರೊನಾ ಕಾಲದಲ್ಲಿ ಗಿರಾಕಿಗಳ ಹಣೆಗೆ ಹಿಡಿಯಲು ಒಂದು ಥರ್ಮಾಮೀಟರ್ ಗನ್ ತಂದಿದ್ದೆ. ಕೊರೊನಾ ಹೋಯಿತು, ಗನ್ ಉಳಿಯಿತು. ಇಸ್ತ್ರಿ ಮಾಡಿದ ಅಂಗಿಗೆ ಹಿಡಿಯುತ್ತೇನೆ, ಚಹಾದ ಲೋಟಕ್ಕೆ ಹಿಡಿಯುತ್ತೇನೆ, ಬಿಸಿಲಿಗೆ ನಿಂತ ಬೈಕಿನ ಸೀಟಿಗೆ ಹಿಡಿಯುತ್ತೇನೆ. ಒಂದು ಸಲ ಹೆಂಡತಿ ಸಿಟ್ಟಿನಲ್ಲಿದ್ದಾಗ ಅವಳ ಹಣೆಗೂ ಹಿಡಿದೆ. ಇನ್ನೊಮ್ಮೆ ಹಿಡಿದರೆ ಗನ್ನನ್ನೇ ಒಲೆಗೆ ಹಾಕುತ್ತೇನೆ, ಆಗ ಎಷ್ಟು ಡಿಗ್ರಿ ಬರುತ್ತದೋ ನೋಡಿಕೊಳ್ಳಿ ಅಂದಳು. ಆಮೇಲೆ ಅವಳ ತಂಟೆಗೆ ಹೋಗಿಲ್ಲ.

ಇನ್ನು ಮದುಮಗ. ನನ್ನ ಅಕ್ಕ ಗಂಗಕ್ಕನ ಒಬ್ಬನೇ ಮಗ, ಹೆಸರು ಕೊಟ್ರೇಶ. (ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೊಟ್ರೇಶಾ ಅಂತ ಕೂಗಿ ನೋಡಿ, ಅರ್ಧ ಬಸ್ ಸ್ಟ್ಯಾಂಡ್ ತಿರುಗಿ ನೋಡುತ್ತದೆ.) ಫ್ರಿಜ್, ಕೂಲರ್, ಎಸಿ ರಿಪೇರಿ ಅವನ ಉದ್ಯೋಗ. ಬೇಸಿಗೆ ಬಂತೆಂದರೆ ಊರಿಗೆಲ್ಲ ತಂಪು ಮಾಡುವವನು ಅವನೇ. ಹುಡುಗಿ ಶಶಿಕಲಾ, ಕೂಡ್ಲಿಗಿಯವಳು. ಕಾಲೇಜಿನಲ್ಲಿ ಇತಿಹಾಸದ ಗೆಸ್ಟ್ ಲೆಕ್ಚರರ್. ಮಾತು ಕಡಿಮೆ. ನೋಡಲು ಹೋದಾಗ ನಾವು ಕೇಳಿದ್ದಕ್ಕೆಲ್ಲ ಹೌದ್ರಿ, ಇಲ್ರಿ ಅಂತ ಎರಡೇ ಉತ್ತರ ಕೊಟ್ಟಿದ್ದಳು. ಇಷ್ಟು ಮೆತ್ತಗಿನ ಹುಡುಗಿ ನಮ್ಮ ಮಾತಿನಮಲ್ಲ ಕೊಟ್ರೇಶನಿಗೆ ಹೇಗೆ ಸರಿಹೋದಾಳು ಅಂತ ನನ್ನ ಹೆಂಡತಿ ದಾರಿಯುದ್ದಕ್ಕೂ ಕೊರಗಿದ್ದಳು.

ಸೋದರಮಾವನ ಕಡೆಯಿಂದ ಮದುಮಗನಿಗೆ ಬಟ್ಟೆ ಹೋಗಬೇಕಲ್ಲವೇ? ಅದರಲ್ಲೂ ಮಾವ ಟೇಲರ್. ಬಿಟ್ಟೇನೆಯೇ? ತ್ರೀ ಪೀಸ್ ಸೂಟು ಹೊಲಿದೆ. ದಟ್ಟ ನೇರಳೆ ಬಣ್ಣ, ಒಳಗೆ ಲೈನಿಂಗ್, ಹೆಗಲಿಗೆ ಪ್ಯಾಡ್, ಮೇಲೆ ವೇಸ್ಟ್‌ಕೋಟು. ಬಟ್ಟೆಯಲ್ಲಿ ಪಾಲಿಯೆಸ್ಟರೇ ಜಾಸ್ತಿ, ಏಕೆಂದರೆ ಫೋಟೋದಲ್ಲಿ ಅದಕ್ಕೇ ಹೊಳಪು. ಟ್ರಯಲ್ ನೋಡಿದ್ದು ಸಂಕ್ರಾಂತಿಯ ಆಸುಪಾಸಿನ ಥಂಡಿಯಲ್ಲಿ. ಎಷ್ಟು ಬೆಚ್ಚಗೈತಿ ಮಾಮಾ ಅಂತ ಹುಡುಗ ಕನ್ನಡಿ ಮುಂದೆ ಹಿಗ್ಗಿದ್ದ. ಮದುವೆ ಮಾತ್ರ ಏಪ್ರಿಲ್ ಕೊನೆಗೆ.

ಅದೂ ಯಾವ ಹೊತ್ತಿಗೆ? ಮಧ್ಯಾಹ್ನದ ಅಭಿಜಿನ್ ಲಗ್ನಕ್ಕೆ. ನಮ್ಮ ಕಡೆಯ ಲಗ್ನಪತ್ರಿಕೆ ತೆಗೆದು ನೋಡಿ, ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲರಿಗೂ ಅಭಿಜಿನ್ನೇ ಬೇಕು. ಸೂರ್ಯ ನೆತ್ತಿಗೆ ಬಂದು ನಿಂತು ಆಶೀರ್ವಾದ ಮಾಡದಿದ್ದರೆ ನಮಗೆ ಮದುವೆ ಆಯಿತು ಅನ್ನಿಸುವುದೇ ಇಲ್ಲ. ಕೂಡ್ಲಿಗಿಯ ಆ ಮಂಟಪಕ್ಕೆ ತಗಡಿನ ಮಾಡು. ಕೆಳಗೆ ಜನ ಕಿಕ್ಕಿರಿದಿದ್ದರು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈ ಸುಮಾರು ನೂರು ವ್ಯಾಟ್ ಬಲ್ಬಿನಷ್ಟು ಬಿಸಿ ಹೊರಗೆ ಬಿಡುತ್ತದಂತೆ. ಹಾಗಾದರೆ ಒಂದು ಮದುವೆಮನೆಯಲ್ಲಿ ಎಷ್ಟು ಬಲ್ಬು ಉರಿಯುತ್ತಿರಬಹುದು? ಅದರ ಮೇಲೆ ಅಡುಗೆಮನೆಯ ಒಲೆ, ವಿಡಿಯೋದವರ ಲೈಟು.

ಕೊಟ್ರೇಶ ಅದಕ್ಕೂ ಮೊದಲು ತೆರೆದ ಜೀಪಿನಲ್ಲಿ ಮೆರವಣಿಗೆ ಬಂದಿದ್ದ. ಗೆಳೆಯರು ಕುಣಿಯಲು ಎಳೆದರು, ಇಳಿದು ಕುಣಿದ. ಉಪವಾಸ ಬೇರೆ. ನೀರಾದರೂ ಕುಡಿದನೇ? ಇಲ್ಲ. ಮೂರು ಪದರದ ಸೂಟು ಬಿಚ್ಚಿ ಬಾತ್‌ರೂಮಿಗೆ ಹೋಗುವ ರಗಳೆ ಬೇಡ ಅಂತ ಬೆಳಗಿನಿಂದ ಗಂಟಲಿಗೆ ಹನಿ ನೀರು ಬಿಟ್ಟಿರಲಿಲ್ಲ. (ಸೂಟು ಹಾಕಿದ ಮದುಮಗಂದಿರ ಈ ಗುಟ್ಟು ನಮ್ಮಂಥ ಟೇಲರುಗಳಿಗೆ ಮಾತ್ರ ಗೊತ್ತು.)

ವೇದಿಕೆಯ ಮೇಲೆ ಕರಿಕಂಬಳಿ ಹಾಸಿ ಇಬ್ಬರನ್ನೂ ಅದರ ಮೇಲೆ ಕೂರಿಸಿದರು. ಮುಂದೆ ಐದು ಕಳಸ, ಅವುಗಳಿಗೆ ನೂಲು ಸುತ್ತಿತ್ತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಉಂಟು. ಮದುಮಗನ ಬಲಗೈಯನ್ನು ಮದುಮಗಳ ಬಲಗೈಗೆ ಕೂಡಿಸಿ, ಮದುವೆ ಮಾಡಿಸುವ ಐನೋರು ದಾರ ಸುತ್ತುತ್ತಾರೆ. ಮಂತ್ರ ಮುಗಿದು ಅವರೇ ದಾರ ಬಿಚ್ಚುವವರೆಗೂ ಕೈ ಬಿಡುವಂತಿಲ್ಲ, ಬಿಚ್ಚಿದ ಕೂಡಲೇ ತಾಳಿ. ಅವತ್ತು ಐನೋರ ಮಂತ್ರ ಉದ್ದವಾಯಿತು, ಏಕೆಂದರೆ ಅಭಿಜಿನ್ನಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಕೈ ಕೈ ಹಿಡಿದು ಕೂತೇ ಇದ್ದರು.

ಆಗ ಕೊಟ್ರೇಶ ಒಂದು ಮಾತಾಡಿದ.

"ಗ್ಯಾಸ್ ಲೀಕ್ ಆಗೈತಿ, ಮೊದ್ಲು ಗ್ಯಾಸ್ ತುಂಬ್ರಿ."

ಮುಂದಿನ ಸಾಲಿನವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಹುಡುಗ ಮದುವೆ ದಿನವೂ ಫ್ರಿಜ್ ಬಿಡಲಿಲ್ಲವಲ್ಲ ಅಂತ. ಅವನು ನಗಲಿಲ್ಲ. ಐನೋರ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದ, ಕಣ್ಣು ಎಲ್ಲೋ ನೆಟ್ಟಿದ್ದವು. ಹೆಗಲು ಅದುರಿತು. ಒಂದು ಕಡೆ ವಾಲಿದ.

ಅವನ ದೊಡ್ಡಪ್ಪ ಹಾಲಪ್ಪನವರು ಚಿಗಟೇರಿಯಿಂದ ಬಂದಿದ್ದರು. ಮನೆಗೆ ಹಿರಿಯರು, ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಮುಟ್ಟಿ ನೋಡಿ, ಮೈ ಕೆಂಡ ಆಗೈತಿ, ನಡುಗಾಕತ್ತಾನ, ಇದು ಚಳಿಜ್ವರ ಅಂದರು. ಪಕ್ಕಕ್ಕೆ ಮಡಚಿಟ್ಟಿದ್ದ ಇನ್ನೊಂದು ಕಂಬಳಿ ತೆಗೆದು ಸೂಟಿನ ಮೇಲೆ ಹೊದಿಸಿಯೇ ಬಿಟ್ಟರು. ಬೆವರು ಬಿಟ್ಟರೆ ಇಳಿಯುತ್ತದೆ ಎಂಬುದು ಅವರ ಲೆಕ್ಕ. ನಗಬೇಡಿ. ನಮ್ಮ ನಿಮ್ಮ ಮನೆಗಳಲ್ಲಿ ಜ್ವರ ಬಂದವರಿಗೆ ಕಂಬಳಿ ಹೊದಿಸದೆ ಯಾರು ಬಿಟ್ಟಿದ್ದಾರೆ?

ನಾನು ಸುಮ್ಮನಿದ್ದೆನೇ? ಬ್ಯಾಗಿನಿಂದ ಗನ್ ತೆಗೆದೆ. ಹಣೆಗೆ ಹಿಡಿದೆ. ತೊಂಬತ್ತೇಳು ಚಿಲ್ಲರೆ ಬಂತು. ನಾರ್ಮಲ್ ಐತಿ, ಗಾಬರಿ ಆಗಬ್ಯಾಡ್ರಿ ಅಂತ ಮೈಕಿಲ್ಲದೆಯೇ ಇಡೀ ಮಂಟಪಕ್ಕೆ ಸಾರಿದೆ. ಗಂಗಕ್ಕ ನನ್ನ ಮಾತು ಕೇಳಿ ಉಸಿರು ಬಿಟ್ಟಳು.

ಆ ಹಣೆಯ ಮೇಲೆ ಏನಿತ್ತು ಗೊತ್ತೇ? ಬಾಸಿಂಗ. ಅದರ ಕೆಳಗೆ ಆಗಷ್ಟೇ ಬಳಿದ ಹಸಿ ಗಂಧ, ಮೂರು ಬೆರಳು ವಿಭೂತಿ. ಎದುರಿಗೆ ಸ್ಟ್ಯಾಂಡ್ ಫ್ಯಾನು. ಗನ್ ಪಾಪ ಏನು ಮಾಡೀತು? ಅದು ನೋಡುವುದು ಮೇಲಿನ ಬಿಸಿಯನ್ನಷ್ಟೇ. ಬಾಸಿಂಗಕ್ಕೂ ಗಂಧಕ್ಕೂ ಸೇರಿಸಿ ಒಂದು ಅಂಕಿ ಹೇಳಿತು. ಮನುಷ್ಯನನ್ನು ಅದು ಮುಟ್ಟಿರಲೇ ಇಲ್ಲ.

ಅಷ್ಟರಲ್ಲಿ ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತ್ತು. ಇನ್ನೂ ತಾಳಿ ಬಿದ್ದಿಲ್ಲ, ಆಗಲೇ ಹುಡುಗ ಹಿಂಗಾದ, ಹುಡುಗಿ ಕಾಲ್ಗುಣ ಹೆಂಗೈತೋ ಏನೋ. ಮೆಲ್ಲಗೆ ಆಡಿದ ಮಾತು ವೇದಿಕೆಯವರೆಗೂ ಬಂತು. ಗಂಡಸರು ಇನ್ನೊಂದು ಹಾದಿ ಹಿಡಿದರು. ಮುಹೂರ್ತ ಮೀರಬಾರದು, ದಾರ ಬಿಚ್ಚಿ, ಅವನ ಕೈ ಹಿಡಿದಾದರೂ ತಾಳಿ ಕಟ್ಟಿಸಿ, ಆಮೇಲೆ ಮಲಗಿಸಿದರಾಯಿತು. ಐನೋರು ದಾರಕ್ಕೆ ಕೈ ಹಾಕಿದರು.

ಶಶಿಕಲಾ ಕಟ್ಟಿದ ಕೈಯನ್ನು ಅವನ ಕೈ ಸಮೇತ ಹಿಂದಕ್ಕೆ ಎಳೆದುಕೊಂಡಳು.

"ತಾಳಿ ಆಮ್ಯಾಲ ಕಟ್ಟಿಸ್ಕಂತೀನ್ರಿ. ಮೊದ್ಲು ಕಂಬ್ಳಿ ತಗೀರಿ. ಇವರ ಕೈ ಒಣಗೈತಿ."

ಯಾರಿಗೂ ಅರ್ಥವಾಗಲಿಲ್ಲ. ಕೈ ಒಣಗಿದರೆ ಏನಾಯಿತು? ಅವಳೇ ಹೇಳಿದಳು. ಕೈ ಕೂಡಿಸಿದಾಗ ಅವನ ಅಂಗೈಯಿಂದ ನೀರು ಇಳಿಯುತ್ತಿತ್ತಂತೆ, ಇವಳ ಅಂಗೈಯೂ ಅದರಲ್ಲೇ ಒದ್ದೆಯಾಗಿತ್ತಂತೆ. ಮಂತ್ರದ ನಡುವೆ ಯಾವಾಗಲೋ ಅದು ನಿಂತಿತು. ಕೈ ಬಿಸಿಯಾಗುತ್ತಲೇ ಹೋಯಿತು, ಬೆವರು ಮಾತ್ರ ಇಲ್ಲ. ಇಷ್ಟು ಸೆಕೆಯಲ್ಲಿ, ಇಷ್ಟು ಬಟ್ಟೆಯೊಳಗೆ, ಬೆವರು ಬರದಿದ್ದರೆ ಹೇಗೆ ಅಂತ ಅವಳು ನಮ್ಮನ್ನೇ ಕೇಳಿದಳು.

ಉತ್ತರಕ್ಕೆ ಅವಳು ಕಾಯಲಿಲ್ಲ. ಬಲಗೈ ಅವನ ಕೈಗೆ ಕಟ್ಟಿದ್ದಂತೆಯೇ, ಎಡಗೈಯಿಂದ ಕಂಬಳಿ ಕಿತ್ತು ಬಿಸಾಕಿದಳು. ಅದೇ ಎಡಗೈಯಿಂದ ಮುಂದಿದ್ದ ಕಳಸ ಎತ್ತಿ ಅವನ ನೆತ್ತಿಯ ಮೇಲೆ ಸುರಿದಳು. ಎಲೆ, ಕಾಯಿ, ನೂಲು, ಅರಿಷಿಣ, ಎಲ್ಲ ಉರುಳಿದವು. ಪೂಜೆಯ ಕಳಸ, ಅದೂ ಎಡಗೈ. ಮಂಟಪ ಹೌಹಾರಿತು. ಹಾಲಪ್ಪನವರು ತಡೆಯಲು ಮುಂದೆ ಬಂದರು. ಐನೋರೇ ಅವರ ರಟ್ಟೆ ಹಿಡಿದು ನಿಲ್ಲಿಸಿ, ಹಾಕಲಿ ಬಿಡಪ್ಪಾ, ನೀರು ಇರೋದು ಜೀವ ಉಳಿಸಾಕ ಅಂದರು. ಆಮೇಲೆ ಎರಡನೆಯ ಕಳಸವನ್ನು ಅವರೇ ಎತ್ತಿಕೊಟ್ಟರು.

"ಮಾವಾರ, ಕೋಟ್ ತಗೀರಿ" ಅಂದಳು ನನಗೆ.

ತೆಗೆಯುವುದು ಹೇಗೆ? ಕೈಗೆ ಕೈ ಕಟ್ಟಿದೆ, ತೋಳು ಹೊರಗೆ ಬರುವುದಿಲ್ಲ. ದಾರ ಹರಿಯಿರಿ ಅಂತ ಯಾರೋ ಕೂಗಿದರು. ಅವಳು ಬಿಡಲಿಲ್ಲ. ಕೈ ಬಿಟ್ಟರೆ ಇವರ ಮೈ ಹೇಗಿದೆ ಅಂತ ನನಗೆ ಹೇಗೆ ತಿಳಿಯಬೇಕು ಅಂದಳು. ನನ್ನ ಬ್ಯಾಗಿನಲ್ಲಿ ಕತ್ತರಿ ಇದ್ದೇ ಇರುತ್ತದೆ, ಕೊನೆ ಗಳಿಗೆಯ ಹೊಲಿಗೆಗೆ ಅಂತ. ಕಾಲರಿನಿಂದ ಹಾಕಿದೆ. ಬೆನ್ನಿನುದ್ದಕ್ಕೆ ಕೋಟು, ಅದರ ಕೆಳಗೆ ವೇಸ್ಟ್‌ಕೋಟು, ಅದರ ಕೆಳಗೆ ಮೈಗೆ ಅಂಟಿದ ಅಂಗಿ. ಒಳಗಿನ ಲೈನಿಂಗ್ ಮುಟ್ಟಿದಾಗ ಇಸ್ತ್ರಿ ಪೆಟ್ಟಿಗೆ ಮುಟ್ಟಿದಂತಾಯಿತು. ಇಷ್ಟು ಹೊತ್ತು ಹುಡುಗ ಇದರೊಳಗಿದ್ದನಲ್ಲ. ಎಷ್ಟು ಜಂಬದಿಂದ ಹೊಲಿದಿದ್ದೆ ಅದನ್ನ!

ಆಮೇಲೆ ನೋಡಬೇಕಿತ್ತು ನಮ್ಮ ಜನರನ್ನ. ಒಮ್ಮೆ ತಿಳಿದ ಮೇಲೆ ಯಾರೂ ಹಿಂದೆ ಬೀಳಲಿಲ್ಲ. ಅಡುಗೆಯವರು ಬಕೆಟ್ಟುಗಳಲ್ಲಿ ನೀರು ತಂದರು. ಬಾಸಿಂಗವನ್ನು ಗಂಗಕ್ಕನೇ ಬಿಚ್ಚಿದಳು. ಹಾಲಪ್ಪನವರು ಮಜ್ಜಿಗೆ ಡ್ರಮ್ಮಿಗೆ ತಂದಿಟ್ಟಿದ್ದ ಐಸ್ ಗಡ್ಡೆಯನ್ನು ಎದೆಗವಚಿಕೊಂಡು ಓಡಿ ಬಂದರು. ಅದನ್ನು ಒಡೆದು ಟವೆಲ್ಲಿಗೆ ಸುತ್ತಿ ಕಂಕುಳಿಗೆ, ಕುತ್ತಿಗೆಗೆ ಇಟ್ಟರು. ಕಾಲ್ಗುಣದ ಮಾತಾಡಿದ್ದ ಹೆಂಗಸರೇ ಊಟದ ತಟ್ಟೆ ಹಿಡಿದು ಗಾಳಿ ಬೀಸಿದರು. ಕೊಟ್ರೇಶನನ್ನು ಕಾರಿಗೆ ಹಾಕುವಾಗಲೂ ಇಬ್ಬರ ಕೈ ಕಟ್ಟಿಯೇ ಇತ್ತು. ಒದ್ದೆಯಾದ ರೇಷ್ಮೆ ಸೀರೆಯಲ್ಲಿ, ಕೊರಳಲ್ಲಿ ಹಾರ ಹಾಕಿಕೊಂಡೇ ಅವಳು ಅವನ ಪಕ್ಕ ಕೂತಳು. ದಾರಿಯಲ್ಲಿ ಅವನು ಕಣ್ಣು ತೆರೆದು, ನಾವೆಲ್ಲಿಗೆ ಹೊಂಟೀವಿ ಅಂತ ಕೇಳಿದ. ಅವಳು ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತಳು.

ಆಸ್ಪತ್ರೆಯಲ್ಲಿ ವೈದ್ಯೆ ಮೈಯೊಳಗಿನ ಬಿಸಿ ನೋಡುವ ಥರ್ಮಾಮೀಟರ್ ಇಟ್ಟರು. ಅಷ್ಟೆಲ್ಲ ನೀರು ಸುರಿದು, ಐಸ್ ಇಟ್ಟ ಮೇಲೂ ನೂರಾ ಮೂರರ ಮೇಲಿತ್ತು. ಮಂಟಪದಲ್ಲಿ ಎಷ್ಟಿತ್ತೋ ದೇವರಿಗೇ ಗೊತ್ತು. ನೀರು ಹಾಕಿದ್ದು ಯಾರು ಅಂತ ಕೇಳಿದರು. ಎಲ್ಲರೂ ಶಶಿಕಲಾಳ ಕಡೆ ನೋಡಿದೆವು. ಮೊದಲು ತಂಪು ಮಾಡಿ ಆಮೇಲೆ ತಂದಿರಿ, ಅದಕ್ಕೇ ಉಳಿದರು, ಹಾಗೇ ಕಂಬಳಿಯಲ್ಲಿ ಸುತ್ತಿ ತಂದಿದ್ದರೆ ನನ್ನ ಕೈಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ ಅಂದರು.

ಸಂಜೆ ಕೊಟ್ರೇಶ ಸುಧಾರಿಸಿಕೊಂಡ ಮೇಲೆ ನಾನು ಆ ವೈದ್ಯೆಯ ತಲೆ ತಿಂದೆ. ಪುಣ್ಯಾತ್ಗಿತ್ತಿ, ಬೇಸರವಿಲ್ಲದೆ ಹೇಳಿದರು. ಮಿದುಳಿನ ಬುಡದಲ್ಲಿ ಶೇಂಗಾ ಬೀಜದಂಥ ಒಂದು ಭಾಗವಿದೆಯಂತೆ, ಹೈಪೋಥಲಾಮಸ್ ಅಂತ. ಅದೇ ನಮ್ಮ ಥರ್ಮೋಸ್ಟಾಟ್. ಹೊರಗೆ ಮಾಘದ ಚಳಿ ಇರಲಿ, ವೈಶಾಖದ ಬೆಂಕಿ ಇರಲಿ, ಒಳಗನ್ನು ತೊಂಬತ್ತೆಂಟೂವರೆ ಡಿಗ್ರಿಯ ಅಕ್ಕಪಕ್ಕ ಹಿಡಿದಿಡುವುದು ಅದರ ಕೆಲಸ. ಸೆಕೆಯಾದರೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ತಂದು ಬಿಡುತ್ತದೆ. ಬೆವರು ಹರಿಸುತ್ತದೆ. ಆ ಬೆವರು ಆರುವಾಗ ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ ಅಲ್ಲವೇ? ಬಿಸಿಲಿಗೆ ಒಂದೆರಡು ವಾರ ಮೈಯೊಡ್ಡಿದರೆ ಬೆವರು ಬೇಗ ಶುರುವಾಗುವಂತೆ, ಅದರಲ್ಲಿ ಉಪ್ಪು ಕಡಿಮೆ ಹೋಗುವಂತೆ ತನ್ನನ್ನೇ ತಿದ್ದಿಕೊಳ್ಳುತ್ತದಂತೆ. ಸ್ವಿಚ್ಚಿಲ್ಲ, ರಿಮೋಟಿಲ್ಲ, ಕರೆಂಟು ಹೋದರೂ ನಿಲ್ಲುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಕೂಡ್ಲಿಗಿಯ ಹುಣಸೆ ಮರಗಳ ಕೆಳಗೆ ಹಣ್ಣು ಕುಟ್ಟುತ್ತ ಕೂತವರನ್ನು ನೋಡಿ. ಅವರೆಲ್ಲರ ಒಳಗೂ ಈ ಬೀಜ ದುಡಿಯುತ್ತಿದೆ. ನನಗಂತೂ ಕೈ ಮುಗಿಯಬೇಕು ಅನ್ನಿಸಿತು.

ಹಾಗಾದರೆ ಕಂಬಳಿ ತಪ್ಪೇ? ಅಲ್ಲಿಯೇ ಇದೆ ಸೂಕ್ಷ್ಮ. ಜ್ವರದಲ್ಲಿ ಮೈ ಬಿಸಿಯಾಗುವುದು ಆ ಥರ್ಮೋಸ್ಟಾಟೇ ತನ್ನ ಗುರಿಯನ್ನು ಮೇಲಕ್ಕೆ ತಿರುಗಿಸಿಕೊಂಡಾಗ, ರೋಗದ ಜೊತೆ ಕಾದಾಡಲು. ಅದಕ್ಕೇ ಚಳಿ, ಅದಕ್ಕೇ ನಡುಕ. ಗುರಿ ಕೆಳಗಿಳಿದಾಗ ಬೆವರು ಬಿಡುತ್ತದೆ. ಹಾಲಪ್ಪನವರ ಅಜ್ಜಂದಿರು ಕಂಡದ್ದು ಸುಳ್ಳಲ್ಲ. ಆದರೆ ಕೊಟ್ರೇಶನಿಗಾದ ಹಾಗೆ ಬಿಸಿಲು ಬಡಿದಾಗ ಮೈ ಬಿಸಿಯನ್ನು ಬೇಡಿರುವುದಿಲ್ಲ. ಹೊರಗೆ ಹಾಕಲು ಹೋರಾಡಿ ಹೋರಾಡಿ ಸೋತಿರುತ್ತದೆ. ಜ್ವರದ ಗುಳಿಗೆಯೂ ಅಲ್ಲಿ ಕೆಲಸ ಮಾಡುವುದಿಲ್ಲ. ಆಗ ಕಂಬಳಿ ಹೊದಿಸಿದರೆ ಬಿಸಿಗಿದ್ದ ಕೊನೆಯ ಬಾಗಿಲನ್ನೂ ಹಾಕಿದಂತೆ. ಬಿಸಿಲು ಬಡಿದ ಎಲ್ಲರಿಗೂ ಬೆವರು ನಿಂತೇ ನಿಲ್ಲುತ್ತದೆ ಅಂತಿಲ್ಲ, ಮೈ ಸುಟ್ಟು ಮಾತು ತೊದಲಿದರೆ ಅಷ್ಟು ಸಾಕು, ನೀರು ಸುರಿಯಿರಿ ಅಂತ ವೈದ್ಯೆ ಒತ್ತಿ ಹೇಳಿದರು. ನಿಮಗೂ ಹೇಳುತ್ತಿದ್ದೇನೆ, ನೆನಪಿರಲಿ.

ಅಂದಹಾಗೆ ಕೊಟ್ರೇಶ ವರ್ಷವಿಡೀ ಕೂರುವುದು ತನ್ನ ಅಂಗಡಿಯ ಎಸಿ ಕೆಳಗೆ. ಊರಿಗೆ ತಂಪು ಮಾಡಿ ಮಾಡಿ ಅವನ ಮೈಗೆ ಬಿಸಿಲಿನ ಅಭ್ಯಾಸವೇ ತಪ್ಪಿತ್ತು.

ತಾಳಿ ಬಿದ್ದದ್ದು ಎರಡು ದಿನ ಬಿಟ್ಟು, ಹುಡುಗಿಯ ಮನೆಯ ಅಂಗಳದಲ್ಲಿ, ಬೆಳಗಿನ ತಂಪಿನಲ್ಲಿ. ಅಭಿಜಿನ್ ಅಲ್ಲವಲ್ಲ ಅಂತ ಯಾರೋ ರಾಗ ಎಳೆದದ್ದಕ್ಕೆ, ಅವನು ಉಸಿರಾಡುವ ಗಳಿಗೆಯೆಲ್ಲ ಒಳ್ಳೆಯ ಗಳಿಗೆಯೇ ಅಂತ ಐನೋರು ಬಾಯಿ ಮುಚ್ಚಿಸಿದರು. ಮದುಮಗ ಹತ್ತಿಯ ಪಂಚೆ, ಬನಿಯನ್ನಿನಲ್ಲಿ. ಕಂಬಳಿ ಕೆಳಗೆ ಹಾಸಿತ್ತು, ಅದು ಇರಬೇಕಾದ ಜಾಗದಲ್ಲಿ. ಹಾಲಪ್ಪನವರು ಮಜ್ಜಿಗೆಯ ತಂಬಿಗೆ ಹಿಡಿದು ಹಿಂದೆಯೇ ನಿಂತಿದ್ದರು, ಮಂತ್ರದ ನಡುನಡುವೆ ಕುಡೀಲೇ ಕುಡೀ ಅಂತ ತಿವಿಯುತ್ತ. ಕಾಲ್ಗುಣದ ಹೆಂಗಸರು ಈಗ, ಕೈಗುಣ ಅಂದ್ರ ಆಕೀದು ನೋಡವ್ವ ಅನ್ನುತ್ತಿದ್ದರು. ಬಾಯಿ ಅವರದೇ ತಾನೇ?

ಊಟದ ಹೊತ್ತಿಗೆ ನಾನು ಶಶಿಕಲಾಳ ಪಕ್ಕ ಕೂತೆ. ತಡೆಯಲಾಗಲಿಲ್ಲ, ಕೇಳಿದೆ. ನೀನು ಓದಿದ್ದು ಇತಿಹಾಸ. ನನ್ನ ಕೈಯಲ್ಲಿ ಗನ್ ಇತ್ತು, ಅಷ್ಟು ಮಂದಿ ಹಿರಿಯರಿದ್ದರು, ಯಾರಿಗೂ ಗೊತ್ತಾಗದ್ದು ನಿನಗೆ ಹೇಗೆ ಗೊತ್ತಾಯಿತವ್ವ?

ಅವಳು ತಲೆ ತಗ್ಗಿಸಿಯೇ ಹೇಳಿದಳು.

"ನೀವೆಲ್ಲಾರೂ ನೋಡಾಕತ್ತಿದ್ರಿ ಮಾವಾರ. ನಾನು ಕೈ ಹಿಡ್ಕಂಡಿದ್ದೆ."

ಎಲೆಯ ಮೇಲಿನ ಹೋಳಿಗೆ ಆರಿಹೋಯಿತು, ನಾನು ಮುಟ್ಟಲಿಲ್ಲ. ಕಣ್ಣು ತುಂಬಿತ್ತು, ಖಾರ ಜಾಸ್ತಿಯಾಯಿತು ಅಂತ ಪಕ್ಕದವರಿಗೆ ಸುಳ್ಳು ಹೇಳಿದೆ. (ಹೋಳಿಗೆಗೆ ಎಲ್ಲಿಯ ಖಾರ ಅಂತ ಹೆಂಡತಿ ಕೇಳಿಯೇಬಿಟ್ಟಳು.)

ಗನ್ ಈಗ ಅಂಗಡಿಯ ಡ್ರಾಯರಿನಲ್ಲಿದೆ. ಒಲೆಗೆ ಹಾಕಿಲ್ಲ, ಅದರದೇನು ತಪ್ಪು?

ಮೊನ್ನೆ ಹಗರಿಬೊಮ್ಮನಹಳ್ಳಿಯಿಂದ ಒಬ್ಬ ಹುಡುಗ ಅಂಗಡಿಗೆ ಬಂದ. ಮೇ ತಿಂಗಳಲ್ಲಿ ಮದುವೆ, ಅಭಿಜಿನ್ ಲಗ್ನ, ತ್ರೀ ಪೀಸೇ ಬೇಕು ಅಂದ. ಹತ್ತಿ ಬಟ್ಟೆ ತೋರಿಸಿದೆ, ಪಂಚೆ ಶಲ್ಯ ತೋರಿಸಿದೆ, ಈ ಕತೆಯನ್ನೆಲ್ಲ ಹೇಳಿದೆ. ಕೇಳಿ ನಕ್ಕು, ಸೂಟೇ ಇರಲಿ ಅಂಕಲ್ ಅಂದ. ಸರಿಯಪ್ಪಾ ಅಂತ ಟೇಪು ತೆಗೆದೆ. ಹೆಗಲು ಅಳೆದೆ, ಎದೆ ಅಳೆದೆ, ತೋಳು ಅಳೆದೆ. ಕೊನೆಗೆ ಟೇಪು ಕೊರಳಿಗೆ ಹಾಕಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದೆ.

"ತಮ್ಮಾ, ಹುಡುಗಿ ಗಟ್ಯಾಗಿ ಕೈ ಹಿಡ್ಕಣಾಕಿ ಹೌದಲ್ಲೋ?"